ಕ್ಯಾಮೆರಾ ಕಂಪನಿ ಬದಲಿಸುವ ಮೊದಲು ಹಾಳಾದ ಫೋಟೋಗಳನ್ನು ತೆಗೆದು ನೋಡಿ

ಕಂಬಳದ ಸೀಸನ್ ಹತ್ತಿರ ಬಂತೆಂದರೆ ಉಡುಪಿಯ ನಮ್ಮ ಫೋಟೋ ಗೆಳೆಯರಲ್ಲಿ ಒಬ್ಬರಾದರೂ ಈ ಮಾತು ತೆಗೆಯುತ್ತಾರೆ: "ಎಲ್ಲಾ ಮಾರಿ ಸೋನಿಗೆ ಹೋಗೋಣ ಅಂತಿದ್ದೇನೆ, ಹೇಗೆ?" ಇನ್ನೊಬ್ಬರಿಗೆ ಕ್ಯಾನನ್ ಆಸೆ. ನಾನು ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ರಜೆ ಸಿಕ್ಕಿದರೆ ಮಲ್ಪೆ ಬಂದರು, ರಾತ್ರಿ ಯಕ್ಷಗಾನದ ಆಟ, ಚಳಿಗಾಲದಲ್ಲಿ ಕಂಬಳ. ಫೋಟೋದಿಂದ ದುಡ್ಡು ಬರುವುದಿಲ್ಲ, ಸಂಬಳದಲ್ಲಿ ಉಳಿಸಿಯೇ ಕೊಳ್ಳಬೇಕು. ನನ್ನಂಥವರಿಗೆ ಉಪಯೋಗವಾಗಲಿ ಅಂತ, ನಾನು ಲೆಕ್ಕ ಹಾಕುವ ರೀತಿಯನ್ನು ಹೇಳುತ್ತೇನೆ.

ಮೊದಲು ಹೊಸ ಬಾಡಿಯ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ವಿಡಿಯೋಗಳನ್ನು ನೋಡುವುದನ್ನು ನಿಲ್ಲಿಸಿ. ಕಳೆದ ಸೀಸನ್‌ನಲ್ಲಿ ನೀವೇ ತೆಗೆದ, ಚೆನ್ನಾಗಿ ಬಾರದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಡಿಲೀಟ್ ಮಾಡಿರದಿದ್ದರೆ ಅವೇ ನಿಮಗೆ ಸರಿಯಾದ ಉತ್ತರ ಕೊಡುತ್ತವೆ. ನಾಲ್ಕು ಫೋಲ್ಡರ್ ಮಾಡಿ. ಅಲುಗಾಡಿದ್ದು, ಕಾಳುಕಾಳಾಗಿದ್ದು, ಫೋಕಸ್ ತಪ್ಪಿದ್ದು, ಕ್ಷಣ ತಪ್ಪಿದ್ದು. ಒಂದೊಂದನ್ನೂ ನೂರು ಪರ್ಸೆಂಟ್ ದೊಡ್ಡದು ಮಾಡಿ, ಶಟರ್ (ಎಷ್ಟು ಹೊತ್ತು ತೆರೆದಿತ್ತು) ಎಷ್ಟಿತ್ತು, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಷ್ಟಿತ್ತು ನೋಡಿ, ಅದರ ಫೋಲ್ಡರ್‌ಗೆ ಹಾಕಿ. ಬೇಸರದ ಕೆಲಸ, ನಿಜ. ಆದರೂ ಮಾಡಿ.

ಯಕ್ಷಗಾನ ತೆಗೆಯುವವರಿಗೆ ಮೊದಲ ಫೋಲ್ಡರೇ ಬೇಗ ತುಂಬುತ್ತದೆ. ಪುಂಡುವೇಷದವರು (ತರುಣ ವೀರರ ಪಾತ್ರ) ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹಾಕುವಾಗ 1/60 ಸೆಕೆಂಡಿನ ಶಟರ್ ಏನೂ ಸಾಲದು, 1/500 ಆದರೂ ಬೇಕು. "ಆ ಕಂಪನಿಯ ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇದೆ" ಅನ್ನುತ್ತಾರೆ. ಅದು ನಿಮ್ಮ ಕೈ ನಡುಗುವುದನ್ನು ಸರಿಮಾಡುತ್ತದೆ. ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಇಲ್ಲಿ ಬೇಕಾದದ್ದು ಬೆಳಕು. ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ; ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು) ಸಾಮಾನ್ಯವಾಗಿ 5.6ಕ್ಕೆ ಬಂದು ನಿಲ್ಲುತ್ತದೆ. 50 ಎಂಎಂನ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ 1/60ರಲ್ಲಿ ತೆಗೆಯುತ್ತಿದ್ದದ್ದನ್ನು ಅದೇ ಐಎಸ್ಒ ಇಟ್ಟುಕೊಂಡು 1/500ರಲ್ಲಿ ತೆಗೆಯಬಹುದು. ಆ ಲೆನ್ಸ್ ನಿಕಾನ್‌ನಲ್ಲೂ ಇದೆ, ಕ್ಯಾನನ್‌ನಲ್ಲೂ ಇದೆ, ಸೋನಿಯಲ್ಲೂ ಇದೆ. ಹೊಸ ಬಾಡಿಗಿಂತ ಎಷ್ಟೋ ಕಡಿಮೆ ದುಡ್ಡು.

ಕಾಳುಕಾಳಾದ ಫೋಟೋಗಳದ್ದೂ ಇದೇ ಕಥೆ. ಫುಲ್ ಫ್ರೇಮ್ ಸೆನ್ಸರ್ ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರಿಗಿಂತ ಎರಡು ಪಟ್ಟಿಗೂ ಜಾಸ್ತಿ ದೊಡ್ಡದು, ಕತ್ತಲೆಯಲ್ಲಿ ಒಂದು ಸ್ಟಾಪಿನಷ್ಟು (ಎರಡು ಪಟ್ಟು ಬೆಳಕಿನಷ್ಟು) ಲಾಭ ಸಿಗುತ್ತದೆ. ಅದು ಸೆನ್ಸರ್ ಅಳತೆಯ ಮಾತು, ಕಂಪನಿಯ ಮಾತಲ್ಲ. ಕ್ಷಣ ತಪ್ಪಿದ ಫೋಲ್ಡರ್‌ಗೆ ಅಭ್ಯಾಸವೇ ಔಷಧಿ.

ಫೋಕಸ್ ತಪ್ಪಿದ್ದರಲ್ಲಿ ಮಾತ್ರ ಹೊಸ ಕ್ಯಾಮೆರಾ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕಂಬಳದ ಮಂಜೊಟ್ಟಿಯ (ಓಟ ಮುಗಿಯುವ ಜಾಗ) ಹತ್ತಿರ ನಿಂತವರಿಗೆ ಇದು ಗೊತ್ತು. ಜೋಡಿ ನೇರ ನಮ್ಮ ಮೇಲೇ ಬರುತ್ತದೆ. ಓಡಿಸುವವರ ಮುಖ ಎರಡು ಕೋಣಗಳ ನಡುವೆ ಒಮ್ಮೆ ಕಾಣುತ್ತದೆ, ಒಮ್ಮೆ ಮುಚ್ಚುತ್ತದೆ. ಕನೆಹಲಗೆ ವಿಭಾಗದಲ್ಲಂತೂ ನೀರು ಎಷ್ಟು ಎತ್ತರ ಚಿಮ್ಮಿತು ಅನ್ನುವುದೇ ಸ್ಪರ್ಧೆ. ಹಾಗಾಗಿ ಮುಖಕ್ಕೂ ನಮಗೂ ನಡುವೆ ಕೆಸರುನೀರು ಗೋಡೆಯ ಹಾಗೆ ಏಳುತ್ತದೆ. ನನ್ನ ನಿಕಾನ್ ಡಿ7200ರಲ್ಲಿ 51 ಫೋಕಸ್ ಪಾಯಿಂಟ್ ಇವೆ, ಆದರೆ ಎಲ್ಲವೂ ಫ್ರೇಮಿನ ಮಧ್ಯದ ಕಡೆಗೇ. ಮೇಲಿನ ಮೂಲೆಯಲ್ಲಿ ಮುಖ ಬಂದರೆ ಅಲ್ಲಿ ಪಾಯಿಂಟೇ ಇಲ್ಲ. ಕ್ಯಾಮೆರಾ ನೀರಿನ ಹನಿಯನ್ನು ಹಿಡಿಯುತ್ತದೆ, ಮುಖವನ್ನು ಬಿಡುತ್ತದೆ. ಈಗಿನ ಮಿರರ್‌ಲೆಸ್‌ಗಳಲ್ಲಿ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಫೋಕಸ್ ಹೆಚ್ಚುಕಡಿಮೆ ಇಡೀ ಫ್ರೇಮಿನಲ್ಲಿ ಸಿಗುತ್ತದೆ, ಕಣ್ಣನ್ನೂ ಹಕ್ಕಿಯನ್ನೂ ತಾನೇ ಹುಡುಕಿಕೊಳ್ಳುತ್ತದೆ. ಮಲ್ಪೆಯಲ್ಲಿ ಮೀನು ಇಳಿಸುವಾಗ ಎರಗುವ ಗರುಡನಿಗೂ ಇದು ಒಳ್ಳೆಯದು. ಆದರೆ ಗಮನಿಸಿ, ಇದು ನನ್ನ ಡಿ7200ರಂಥ, ಕನ್ನಡಿ ಇರುವ ಡಿಎಸ್ಎಲ್ಆರ್‌ಗೂ ಮಿರರ್‌ಲೆಸ್‌ಗೂ ಇರುವ ವ್ಯತ್ಯಾಸ. ಮೂರೂ ಕಂಪನಿಗಳಲ್ಲಿ ಮಿರರ್‌ಲೆಸ್ ಇದೆ, ಅಲ್ವಾ? ಹಾಗಾದರೆ ಕಂಪನಿ ಬಿಡುವ ಅಗತ್ಯ ಎಲ್ಲಿಂದ ಬಂತು?

ಇದಕ್ಕೆ ಉತ್ತರ ನಿಮ್ಮ ಬ್ಯಾಗಿನಲ್ಲಿರುತ್ತದೆ. ಒಂದು ಹಾಳೆ ತಗೊಳ್ಳಿ. ಕಂಪನಿ ಬದಲಿಸಿದರೆ ಎಡಕ್ಕೆ ಉಳಿಯುವುದು, ಬಲಕ್ಕೆ ಹೋಗುವುದು. ಟ್ರೈಪಾಡ್, ಎಸ್‌ಡಿ ಕಾರ್ಡ್, ಬ್ಯಾಗ್ ಎಡಕ್ಕೆ. ಲೆನ್ಸ್, ಫ್ಲ್ಯಾಶ್, ಹೆಚ್ಚುವರಿ ಬ್ಯಾಟರಿ, ರಿಮೋಟ್ ಬಲಕ್ಕೆ. ಬಲದಲ್ಲಿರುವುದನ್ನೆಲ್ಲ ಹೊಸದಾಗಿ ಕೊಂಡರೆ ಎಷ್ಟು, ಹಳೆಯದನ್ನು ಮಾರಿದರೆ ಎಷ್ಟು ಅಂತ ಬರೆಯಿರಿ. ಅಂದಾಜು ಬೇಡ, ಅಂಗಡಿಯವರು ಬಾಯಿಬಿಟ್ಟು ಹೇಳಿದ ರೇಟನ್ನೇ ಬರೆಯಿರಿ. ಅಂಗಡಿಗೆ ಹೋಗುವ ಮೊದಲು ಲೆನ್ಸಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಫಂಗಸ್ ಬೇಗ ಹಿಡಿಯುತ್ತದೆ, ಜೇಡರ ಬಲೆಯಂಥ ಗೆರೆ ಕಂಡರೆ ರೇಟು ಅಲ್ಲೇ ಬೀಳುತ್ತದೆ.

ಅದೇ ಕಂಪನಿಯಲ್ಲಿ ಉಳಿದರೆ ಏನೇನು ಉಳಿಯುತ್ತದೆ ಅನ್ನುವುದೂ ಗೊತ್ತಿರಬೇಕು. ಕ್ಯಾನನ್‌ನವರಿಗೆ ಸುಲಭ. ಅವರ ಅಡಾಪ್ಟರ್ (ಹಳೆ ಲೆನ್ಸನ್ನು ಹೊಸ ಬಾಡಿಗೆ ಜೋಡಿಸುವ ಬಳೆ) ಹಾಕಿದರೆ ಡಿಎಸ್ಎಲ್ಆರ್‌ನ ಹಳೆ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅವರ ಮಿರರ್‌ಲೆಸ್ ಆರ್ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನಲ್ಲಿ ಸ್ವಲ್ಪ ನೋಡಿಕೊಳ್ಳಬೇಕು. ಅವರ ಎಫ್‌ಟಿಝಡ್ ಅಡಾಪ್ಟರಿನಲ್ಲಿ, ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳು ಆಟೋಫೋಕಸ್ ಆಗುತ್ತವೆ. ಬಾಡಿಯೊಳಗಿನ ಮೋಟಾರಿನಿಂದ ತಿರುಗುವ ಹಳೆ ಡಿ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕು. ನನ್ನ ಹತ್ತಿರ ಇರುವ 70-300 ಉಳಿಯುತ್ತದೆ, 50 ಎಂಎಂ 1.8ಡಿ ಅರ್ಧ ಹೋದ ಹಾಗೆ. ನಿಕಾನ್ ಲೆನ್ಸನ್ನು ಸೋನಿಗೆ ಹಾಕಲು ಬೇರೆಯವರು ಮಾಡಿದ ಅಡಾಪ್ಟರ್‌ಗಳು ಸಿಗುತ್ತವೆ. ಓಡುವ ಕೋಣಕ್ಕೆ ಮಾತ್ರ ಅದನ್ನು ನಂಬಿ ಹೋಗಬೇಡಿ.

ಬದಲಿಸುವುದೇ ಸರಿ ಅನ್ನುವ ಸಂದರ್ಭವೂ ಇದೆ. ನನ್ನ ಚಿಕ್ಕಮ್ಮನ ಮಗನ ಹತ್ತಿರ ಇದ್ದದ್ದು ಕ್ಯಾನನ್ 1500ಡಿ ಮತ್ತು 18-55 ಕಿಟ್ ಲೆನ್ಸ್, ಅಷ್ಟೇ. ಅವನ ಬಲಗಡೆಯ ಪಟ್ಟಿ ಎರಡೇ ಸಾಲು. ಅವನಿಗೆ ವಿಡಿಯೋ ಹುಚ್ಚು. ಜೊತೆಗೆ ಅವನ ಗೆಳೆಯರೆಲ್ಲ ಸೋನಿಯವರು. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ ಲೆನ್ಸ್ ಸೋನಿಗೆ ಬಹಳ ವರ್ಷಗಳಿಂದ ಧಾರಾಳವಾಗಿ ಸಿಗುತ್ತಿವೆ. ಕ್ಯಾನನ್ ಆರ್ ಕ್ಯಾಮೆರಾಗಳ ಆರ್‌ಎಫ್ ಮೌಂಟ್‌ಗೆ (ಲೆನ್ಸ್ ಕೂರುವ ಜಾಗ) ಆ ಕಂಪನಿಗಳ ಆಟೋಫೋಕಸ್ ಲೆನ್ಸ್ ಬರತೊಡಗಿದ್ದು 2024ರಲ್ಲಿ. ಅವನಿಗೆ ನಾನೇ "ಹೋಗು ಮಾರಾಯ" ಅಂದೆ. ಮದುವೆ ಮನೆಯಲ್ಲಿ ಪಕ್ಕದವರಿಂದ ಒಂದು ಲೆನ್ಸ್ ಕೇಳಿ ಹಾಕಿಕೊಳ್ಳಬಹುದು ಅನ್ನುವುದು ಯಾವ ಪಟ್ಟಿಯಲ್ಲೂ ಬರದ ದೊಡ್ಡ ಲಾಭ.

ಇಷ್ಟಾದ ಮೇಲೂ ಮನಸ್ಸು ಎಳೆಯುತ್ತಿದ್ದರೆ ಆ ಕ್ಯಾಮೆರಾವನ್ನು ಒಂದು ರಾತ್ರಿಗೆ ಎರವಲು ತನ್ನಿ, ಇಲ್ಲ ಬಾಡಿಗೆಗೆ ತನ್ನಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸುಮ್ನೆ ನಾಲ್ಕು ಕ್ಲಿಕ್ ಮಾಡಿದರೆ ಏನೂ ತಿಳಿಯದು. ಗೆಳೆಯನ ಸೋನಿಯನ್ನು ನಾನು ಆಟಕ್ಕೆ ಒಯ್ದಿದ್ದೆ. ಸ್ತ್ರೀವೇಷದ ಕಣ್ಣನ್ನು ಅದು ತಕ್ಷಣ ಹಿಡಿಯಿತು. ದಪ್ಪ ಬಣ್ಣ ಬಳಿದ ರಾಕ್ಷಸರ ಪಾತ್ರ, ಬಣ್ಣದ ವೇಷದ ಮುಖಕ್ಕೆ ಬಂದಾಗ ಫೋಕಸ್ ಚೌಕ ಆಚೀಚೆ ಅಲೆಯಿತು. ಸದ್ದಿಲ್ಲದ ಶಟರ್ ಹಾಕಿದರೆ ರಂಗಸ್ಥಳದ ಎಲ್‌ಇಡಿ ದೀಪದಿಂದ ಫೋಟೋದಲ್ಲಿ ಅಡ್ಡ ಪಟ್ಟೆ ಬಂತು. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿದ ಮೇಲೆ ಬಹಳ ಕಡಿಮೆಯಾಯಿತು. ಇಂಥದ್ದು ನಿಮ್ಮ ವಿಷಯದಲ್ಲಿ, ನಿಮ್ಮ ಬೆಳಕಿನಲ್ಲಿ ಮಾತ್ರ ಗೊತ್ತಾಗುತ್ತದೆ. ಕೈಗೆ ಹೇಗೆ ಕೂರುತ್ತದೆ ಅನ್ನುವುದನ್ನೂ ನೋಡಿ. ನಿಕಾನ್ ಬಳಸಿದವರಿಗೆ ಕ್ಯಾನನ್‌ನಲ್ಲಿ ಲೆನ್ಸ್ ಹಾಕುವುದೂ ಉಲ್ಟಾ, ಜೂಮ್ ತಿರುಗಿಸುವುದೂ ಉಲ್ಟಾ.

ದುಬೈಯಲ್ಲಿರುವ ಅಣ್ಣನೋ ಭಾವನೋ ತಂದುಕೊಡುತ್ತಾರೆ ಅಂತ ನಮ್ಮೂರಿನಲ್ಲಿ ಹಲವರು ಕಾಯುತ್ತಾರೆ. ತರಿಸುವ ಮೊದಲು ಆ ಮಾಡೆಲ್‌ಗೆ ಇಲ್ಲಿ ವಾರಂಟಿ ನಡೆಯುತ್ತದಾ ಅಂತ ಕಂಪನಿಗೆ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ರಿಪೇರಿಗೆ ಎಲ್ಲಿಗೆ ಕಳಿಸಬೇಕು ಅನ್ನುವುದನ್ನೂ ಕೇಳಿ.

ನನ್ನ ಲೆಕ್ಕದಲ್ಲಿ ಫೋಕಸ್ ತಪ್ಪಿದ ಫೋಲ್ಡರೇ ದೊಡ್ಡದಾಗಿತ್ತು, ಬಲಗಡೆಯ ಪಟ್ಟಿ ಉದ್ದವಿತ್ತು. ಹಾಗಾಗಿ ನಿಕಾನ್‌ನಲ್ಲೇ ಉಳಿದು ಅವರ ಮಿರರ್‌ಲೆಸ್ ಝಡ್50ರ ಎರಡನೇ ಮಾಡೆಲ್ ಮತ್ತು ಅಡಾಪ್ಟರ್ ಕೊಳ್ಳುವುದು ಅಂತ ತೀರ್ಮಾನಿಸಿದೆ. ನಿಮ್ಮ ಲೆಕ್ಕ ಬೇರೆ ಬರಬಹುದು. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ, ಬಂದರು ಖಾಲಿ, ಹೊರಗೆ ಮಳೆ. ಫೋಲ್ಡರ್ ಮಾಡಲು, ಹಾಳೆ ಬರೆಯಲು ಅದೇ ಒಳ್ಳೆಯ ಸಮಯ. ಕೊಳ್ಳುವುದನ್ನು ಹಬ್ಬದ ಆಫರ್ ಬರುವವರೆಗೆ ತಡೆಯಿರಿ. ಕೊಂಡ ಮೇಲೂ ಹಳೆ ಬಾಡಿಯನ್ನು ಕೂಡಲೇ ಮಾರಬೇಡಿ. ಒಂದು ರಾತ್ರಿಯ ಆಟ, ಒಂದು ಕಂಬಳ ಹೊಸದರಲ್ಲಿ ಮುಗಿಯಲಿ, ಆಮೇಲೆ ಮಾರಿ.