ಹಳೇ ಪೋರ್ಟಿನ ವೇಗ ಬೈಟಿನಾಗ ಲೆಕ್ಕಾ ಹಾಕೋದು ಹೆಂಗ

ಬ್ಯಾಡಗಿಯೊಳಗ ಮೆಣಸಿನಕಾಯಿ ಲಾರಿ ತೂಗೋ ವೇಬ್ರಿಡ್ಜಿನ ಹಳೇ ಕಂಪ್ಯೂಟರ್ ರಿಪೇರಿ ನಾನ ಮಾಡ್ತೀನ್ರಿ. ತೂಕದ ಅಂಕಿ ಸೀರಿಯಲ್ ಪೋರ್ಟಿನಿಂದ (ಬಿಟ್ ಒಂದೊಂದಾಗಿ ಸಾಲಾಗಿ ಕಳಿಸೋ ಹಳೇ ಪೋರ್ಟ್) ಬರ್ತಾವ, ವೇಗ ಸೆಕೆಂಡಿಗೆ 9600 ಬಿಟ್. ಒಂದು ಬೈಟಿಗೆ 8 ಬಿಟ್ ಅಂತ 8ರಿಂದ ಭಾಗಿಸಿ 1200 ಬೈಟ್ ಅನ್ನೋದು ತಪ್ಪು ನೋಡ್ರಿ. ಒಂದು ಅಕ್ಷರಕ್ಕ 8 ಬಿಟ್, ಮುಂದೊಂದು ಸ್ಟಾರ್ಟ್ ಬಿಟ್, ಹಿಂದೊಂದು ಸ್ಟಾಪ್ ಬಿಟ್, ಒಟ್ಟು 10. ಅಂದ್ರ 960 ಬೈಟ್ ಅಷ್ಟ. ಪ್ಯಾರಿಟಿ (ತಪ್ಪು ಹಿಡಿಯೋಕ ಸೇರಿಸೋ ಇನ್ನೊಂದು ಬಿಟ್) ಹಚ್ಚಿದ್ರ 11ರಿಂದ ಭಾಗಿಸ್ರಿ.

ಯುಎಸ್‌ಬಿ 1.1ಕ್ಕ 8 ಸಾಕು: 12 ಮೆಗಾಬಿಟ್ ಅಂದ್ರ 1.5 ಮೆಗಾಬೈಟ್. ಸಿಡಿ ಡ್ರೈವಿನ ಮ್ಯಾಲೆ 52ಎಕ್ಸ್ ಅಂತಿದ್ರ 150 ಕಿಲೋಬೈಟಿನಿಂದ ಗುಣಿಸ್ರಿ, 7800 ಆಗ್ತದ. ಅದೂ ಸಿಡಿಯ ಹೊರ ಅಂಚಿನಾಗ ಮಾತ್ರ. ಹಾರ್ಡ್ ಡಿಸ್ಕ್ ಜೋಡಿಸೋ ಹಳೇ ಪೋರ್ಟ್ ಎಟಿಎ 100ರಾಗಿನ 100 ಅನ್ನೋದು ಮೊದಲಿಂದನ ಮೆಗಾಬೈಟಿನ ಲೆಕ್ಕ, ಅದನ್ನ ಭಾಗಿಸಬ್ಯಾಡ್ರಿ.