ನಾನೇ ಸುರಿದ ಸೆರೊಟೋನಿನ್

ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದಿದವನು ನಾನು. ಆಮೇಲೆ ಬೆಂಗಳೂರಿಗೆ ಹೋಗಿ ಐದು ವರ್ಷ ಸಾಕಿದ್ದು ಮಾತ್ರ ಮೀನೂ ಅಲ್ಲ, ಸಿಗಡಿಯೂ ಅಲ್ಲ. ಮನುಷ್ಯ ಭ್ರೂಣದ ಮೂತ್ರಪಿಂಡದಿಂದ ಬಂದ ಜೀವಕೋಶಗಳು, ಹೆಚ್‌ಇಕೆ 293 ಅಂತ ಹೆಸರು. ಊರಿಗೆ ಬಂದಾಗ ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕವರು "ಈಗ ಯಾವ ಮೀನಿನ ಮೇಲೆ ರಿಸರ್ಚು?" ಎಂದು ಕೇಳುತ್ತಾರೆ. ಮೀನಲ್ಲ, ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಎಂದರೆ "ಓ, ಖುಷಿಯ ಹಾರ್ಮೋನು" ಎನ್ನುತ್ತಾರೆ. ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ, ಸ್ವಲ್ಪ ಸಿಟ್ಟಿದೆ. ದೇಹದ ಸೆರೊಟೋನಿನ್ನಿನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಕರುಳಿನಲ್ಲಿ. ಅಲ್ಲಿ ಅದು ಯಾರ ಖುಷಿಯನ್ನೂ ವಿಚಾರಿಸುವುದಿಲ್ಲ.

ನಿಜ ಹೇಳಬೇಕೆಂದರೆ ನಾನು ಈ ದಾರಿ ಹಿಡಿದದ್ದೇ ಚಿಪ್ಪಿನಿಂದ. ಬಂಡೆಯಿಂದ ಕಿತ್ತು ತಂದ ನೀಲಿಕಲ್ಲು ಎಂಬ ಚಿಪ್ಪುಜೀವಿ ಬುಟ್ಟಿಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೂ ಬಾಯಿ ಬಿಡುವುದಿಲ್ಲ. ಆಯಿ ಕತ್ತಿಯ ತುದಿ ತೂರಿಸಿ ಒಂದೊಂದನ್ನೇ ಬಿಡಿಸುತ್ತ ಬೈಯುತ್ತಾಳೆ. ಅಷ್ಟು ಹೊತ್ತು ಬಿಗಿ ಹಿಡಿದರೂ ಸ್ನಾಯು ಸೋಲುವುದಿಲ್ಲ ಏಕೆ ಎಂಬುದು ಓದುವಾಗ ನನ್ನ ತಲೆಯಲ್ಲಿ ಕೂತ ಪ್ರಶ್ನೆ. ಅಮೆರಿಕದ ಬೆಟ್ಟಿ ಟ್ವಾರೋಗ್ ಅದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಅವರದು ಅಟ್ಲಾಂಟಿಕ್ಕಿನ ಚಿಪ್ಪು, ನಮ್ಮ ನೀಲಿಕಲ್ಲಿನ ದಾಯಾದಿ ಎನ್ನಬಹುದು. ಆ ಬಿಗಿ ಹಿಡಿತವನ್ನು ಸಡಿಲಿಸುವುದು ಸೆರೊಟೋನಿನ್ ಎಂದು ಅವರು ಕಂಡುಕೊಂಡರು. ಚಿಪ್ಪಿನ ನರಗಳಲ್ಲಿ ಇರುವುದು ನಮ್ಮ ಮಿದುಳಿನಲ್ಲಿ ಯಾಕಿರಬಾರದು ಎಂದು ಹುಡುಕಿ, 1953ರಲ್ಲಿ ಇರ್ವಿನ್ ಪೇಜ್ ಜೊತೆ ಸಸ್ತನಿಗಳ ಮಿದುಳಿನಲ್ಲೂ ಅದನ್ನು ತೋರಿಸಿಕೊಟ್ಟರು. ಒಳಗಿನ ಕೆಲಸ ಗೊತ್ತಾದದ್ದು ಆಮೇಲೆ. ಸೆರೊಟೋನಿನ್ ಸ್ನಾಯುಕೋಶದ ಪೊರೆಯಲ್ಲಿ ಸುದ್ದಿ ಹಿಡಿಯುವ ಪ್ರೋಟೀನಿಗೆ, ಅಂದರೆ ರಿಸೆಪ್ಟರಿಗೆ ಕೂರುತ್ತದೆ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸುದ್ದಿ ಒಯ್ಯುವ ಅಣು ಏರುತ್ತದೆ, ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಟ್ವಿಚಿನ್ ಎಂಬ ದೊಡ್ಡ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಆಗ ಹಿಡಿತ ಬಿಡುತ್ತದೆ. ಸೆರೊಟೋನಿನ್ ತಾನು ಕೋಶದೊಳಗೆ ಕಾಲಿಡುವುದೇ ಇಲ್ಲ. ಬಾಗಿಲಲ್ಲಿ ನಿಂತು ಹೇಳಿಹೋಗುತ್ತದೆ, ಕೆಲಸವೆಲ್ಲ ಒಳಗಿನವರದು.

ರಿಸೆಪ್ಟರಿಗೆ ಪಠ್ಯಪುಸ್ತಕದಲ್ಲಿ 'ಗ್ರಾಹಕ' ಎಂಬ ಪದ ಇದೆ. ನನಗೆ ಅಂಗಡಿಗೆ ಬಂದವರು ನೆನಪಾಗುವುದರಿಂದ ರಿಸೆಪ್ಟರ್ ಎಂದೇ ಬರೆಯುತ್ತೇನೆ. ಸೆರೊಟೋನಿನ್ನಿಗೆ ಇಂಥವು ಏಳು ಕುಟುಂಬ. ಮೂರನೆಯದೊಂದು ಅಯಾನುಗಳನ್ನು ಒಳಬಿಡುವ ನಾಲೆ. ಉಳಿದವೆಲ್ಲ ಕೋಶಪೊರೆಯನ್ನು ಏಳು ಸಲ ಹೊಲಿದಂತೆ ದಾಟಿ, ಒಳಗೆ ಸುದ್ದಿ ದಾಟಿಸುವ ಜಿ ಪ್ರೋಟೀನ್‌ಗಳನ್ನು (ಜಿಐ, ಜಿಎಸ್, ಜಿಕ್ಯೂ ಇವುಗಳ ಬಗೆಗಳು) ಹಿಡಿದುಕೊಳ್ಳುವ ಜಾತಿಯವು. ಒಂದನೆಯ ಕುಟುಂಬದ್ದು ಜಿಐ ಜೊತೆ ಸೇರಿ ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತದೆ. ನಾಲ್ಕು, ಆರು, ಏಳನೆಯವು ಜಿಎಸ್ ಜೊತೆ ಸೇರಿ ಏರಿಸುತ್ತವೆ. ಎರಡನೆಯ ಕುಟುಂಬ ಜಿಕ್ಯೂ ಮೂಲಕ ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸಿ ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಿಡಿಸುತ್ತದೆ. ಇಷ್ಟಾದ ಮೇಲೆ ಅರೆಸ್ಟಿನ್ ಎಂಬವನು ಬರುತ್ತಾನೆ, ಅವನೂ ಪ್ರೋಟೀನೇ. ರಿಸೆಪ್ಟರಿನ ಬಾಲಕ್ಕೆ ಫಾಸ್ಫೇಟ್ ಬಿದ್ದದ್ದನ್ನು ಕಂಡು ಅಂಟಿಕೊಂಡು, ಜಿ ಪ್ರೋಟೀನಿಗೆ ಜಾಗ ಇಲ್ಲದಂತೆ ಮಾಡಿ, ಹಲವು ಸಲ ರಿಸೆಪ್ಟರನ್ನೇ ಪೊರೆಯಿಂದ ಒಳಕ್ಕೆ ಎಳೆದುಕೊಂಡು ಹೋಗುತ್ತಾನೆ.

ನನ್ನ ಪಾಲಿಗೆ ಬಂದದ್ದು ಎರಡನೆಯ ಕುಟುಂಬದ 2ಸಿ ಎಂಬ ರಿಸೆಪ್ಟರ್. ಸೆರೊಟೋನಿನ್ ಹಾಕಿದಾಗ 2ಸಿ ಮತ್ತು ಅರೆಸ್ಟಿನ್ನಿನ ಒಂದು ಬಗೆಯಾದ ಬೀಟಾ ಅರೆಸ್ಟಿನ್-2 ಎಷ್ಟು ಬೇಗ, ಎಷ್ಟು ಹತ್ತಿರ ಬರುತ್ತವೆ ಎಂದು ಅಳೆಯುವುದು ಕೆಲಸ. ಅಳೆಯುವ ಉಪಾಯಕ್ಕೆ ಬ್ರೆಟ್ ಎನ್ನುತ್ತಾರೆ. ರಿಸೆಪ್ಟರಿನ ಬಾಲಕ್ಕೆ ರೆನಿಲ್ಲಾ ಎಂಬ ಕಡಲಜೀವಿಯ ಬೆಳಕಿನ ಕಿಣ್ವ ಹೊಲಿಯಬೇಕು. ಅರೆಸ್ಟಿನ್ನಿಗೆ ಜೆಲ್ಲಿ ಫಿಶ್ಶಿನ ಹೊಳೆಯುವ ಪ್ರೋಟೀನಿನ ಹಳದಿ ಬಗೆ. ಹೌದು, ಬಲೆಗೆ ಸಿಕ್ಕಿ ಕೈ ಉರಿಸುತ್ತದಲ್ಲ, ಆ ಲೋಳೆ ಮೀನಿನ ಕುಲದ್ದೇ. ಕಡಲು ಬಿಟ್ಟುಬಂದೆ ಅಂದುಕೊಂಡಿದ್ದವನಿಗೆ ಎರಡೂ ಕಡೆ ಕಡಲೇ ಎದುರಾಯಿತು. ಸೀಲೆಂಟೆರಜಿನ್ ಎಂಬ ರಾಸಾಯನಿಕ ಹಾಕಿದರೆ ಕಿಣ್ವ ನೀಲಿ ಬೆಳಕು ಕೊಡುತ್ತದೆ, ತರಂಗಾಂತರ 480 ನ್ಯಾನೋಮೀಟರ್ ಹತ್ತಿರ. ಹಳದಿಯವನು ಅದಕ್ಕೆ 10 ನ್ಯಾನೋಮೀಟರ್ ದೂರದೊಳಗೆ ಬಂದರೆ ಆ ಶಕ್ತಿ ಅವನಿಗೆ ದಾಟಿ 530ರ ತರಂಗಾಂತರದ ಹತ್ತಿರ ಬೆಳಗುತ್ತದೆ. ಎರಡರ ಅನುಪಾತವೇ ನಮಗೆ ಬೇಕಾದ ಅಂಕಿ.

ಕೇಳಲು ಸಲೀಸು. ಮಾಡುವಾಗ ಬೇರೆ. ಈ ಕೋಶಗಳು ತಟ್ಟೆಗೆ ಗಟ್ಟಿಯಾಗಿ ಅಂಟುವುದಿಲ್ಲ, ತೊಳೆಯುವಾಗ ಪಿಪೆಟ್ಟನ್ನು ಸ್ವಲ್ಪ ಜೋರಾಗಿ ಒತ್ತಿದರೆ ಅರ್ಧ ಕೋಶ ನೀರಿನ ಜೊತೆ ಹೋಯಿತು. ಕೋಶ ಅಂಟಿಸುವ ಪಾಲಿಲೈಸಿನ್ ಬಳಿದ ಬಿಳಿ ತಟ್ಟೆಯೇ ಬೇಕು. ಸೆರೊಟೋನಿನ್ ದ್ರಾವಣ ಬೆಳಕಿಗೆ, ಗಾಳಿಗೆ ಕೆಡುತ್ತದೆ. ಅಂದಂದಿನದನ್ನು ಅಂದೇ ಕಲಸಿ, ಚೂರು ಆಸ್ಕಾರ್ಬಿಕ್ ಆಮ್ಲ ಸೇರಿಸಿ, ಫಾಯಿಲ್ ಸುತ್ತಿ ಮಂಜುಗಡ್ಡೆಯಲ್ಲಿ ಇಡಬೇಕು. ಇದೆಲ್ಲ ಮೊದಲ ಎರಡು ತಿಂಗಳಲ್ಲಿ ಪೆಟ್ಟು ತಿಂದು ಕಲಿತದ್ದು.

ಎಲ್ಲ ಕಲಿತ ಮೇಲೂ ಅಂಕಿ ಏಳಲಿಲ್ಲ. ಸೆರೊಟೋನಿನ್ ಹಾಕಿದರೂ ಅಷ್ಟೇ, ಬರಿ ನೀರು ಹಾಕಿದರೂ ಅಷ್ಟೇ. ವಿಚಿತ್ರವೆಂದರೆ ಶುರುವಿನ ಅಂಕಿ ಕಡಿಮೆಯೇನೂ ಇರಲಿಲ್ಲ, ಸಾಕಷ್ಟು ಮೇಲೇ ಇತ್ತು. ನಾನು ಅದನ್ನು ಗದ್ದಲ, ಅರ್ಥವಿಲ್ಲದ ಅಂಕಿ ಎಂದುಕೊಂಡೆ. ಹೊಲಿಗೆ ತಪ್ಪಿರಬೇಕೆಂದು ಡಿಎನ್‌ಎ ಮತ್ತೆ ಓದಿಸಿದೆ. ಸರಿಯಿತ್ತು. ಅರೆಸ್ಟಿನ್ ಹೆಚ್ಚಾಗಿ ಸುಮ್ಮನೆ ಡಿಕ್ಕಿ ಹೊಡೆಯುತ್ತಿರಬಹುದೆಂದು, ರಿಸೆಪ್ಟರನ್ನು ಅಷ್ಟೇ ಇಟ್ಟು ಅರೆಸ್ಟಿನ್ನಿನ ಪ್ರಮಾಣವನ್ನು ಹಂತಹಂತವಾಗಿ ಏರಿಸಿ ನೋಡಿದೆ. ಸಂತೆಯಲ್ಲಿ ಮೈ ತಾಗಿದಂತೆ ಆಕಸ್ಮಿಕವಾದರೆ ಗೆರೆ ನೇರವಾಗಿ ಏರುತ್ತ ಹೋಗುತ್ತದೆ. ನಿಜವಾದ ಹಿಡಿತವಾದರೆ ಏರಿ ಬಾಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನನ್ನ ಗೆರೆ ಬಾಗಿ ನಿಂತಿತ್ತು. ಅಂದರೆ ಸೆರೊಟೋನಿನ್ ಹಾಕುವ ಮೊದಲೇ ಅವೆರಡೂ ಕೈ ಹಿಡಿದುಕೊಂಡಿದ್ದವು. ಗೆರೆ ಕಣ್ಣೆದುರೇ ಇತ್ತು, ನಾನು ಓದಲಿಲ್ಲ.

ಆಷಾಢದಲ್ಲಿ ಬಾಬಾಗೆ ಜ್ವರ ಎಂದು ಕಾರವಾರಕ್ಕೆ ಬಂದೆ. ರಕ್ತ ತಪಾಸಣೆಗೆ ಕೊಟ್ಟು ರಿಪೋರ್ಟಿಗೆ ಕಾಯುತ್ತಿದ್ದೆ. ಹೊರಗೆ ಕಡಲೇ ಕಾಣದಷ್ಟು ಮಳೆ. ಗಾಜಿನಾಚೆ ಟೆಕ್ನಿಷಿಯನ್ ಕೆಂಪು ಮುಚ್ಚಳದ ನಳಿಕೆಯನ್ನು ಸ್ಟ್ಯಾಂಡಿನಲ್ಲಿ ಇಟ್ಟು ಸುಮ್ಮನೆ ಬಿಟ್ಟಿದ್ದರು. ಏನು ಕಾಯುವುದು ಎಂದು ಕೇಳಿದೆ. "ಹೆಪ್ಪುಗಟ್ಟಬೇಕಲ್ಲ, ಆಮೇಲೆ ಮೇಲಿನ ಸೀರಮ್ ತೆಗೀಬೇಕು" ಎಂದರು. ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಹೆಪ್ಪುಗಟ್ಟುವುದೆಂದರೆ ಪ್ಲೇಟ್‌ಲೆಟ್‌ಗಳು ತಮ್ಮ ಗಂಟನ್ನು ಬಿಚ್ಚುವುದು, ಆ ಗಂಟಿನಲ್ಲಿ ಇರುವುದು ಕರುಳಿನಿಂದ ಹೀರಿಕೊಂಡು ಬಂದ ಸೆರೊಟೋನಿನ್. ಆ ವಸ್ತುವಿಗೆ ಹೆಸರು ಬಂದದ್ದೇ ಹಾಗೆ: 1948ರಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಅದನ್ನು ಬೇರ್ಪಡಿಸಿದ್ದು ಸೀರಮ್ಮಿನಿಂದ, ರಕ್ತನಾಳವನ್ನು ಬಿಗಿಯುವ 'ಟೋನ್' ಸೇರಿಸಿ ಹೆಸರಿಟ್ಟರು. ಮತ್ತೆ ನಾನು ನನ್ನ ಕೋಶಗಳಿಗೆ ಪ್ರತಿದಿನ ಉಣಿಸುತ್ತಿದ್ದುದು ಏನು? ನೂರಕ್ಕೆ ಹತ್ತು ಪಾಲು ಕರುವಿನ ಭ್ರೂಣದ ಸೀರಮ್.

ಎರಡು ದಿನ ನನ್ನ ರಿಸೆಪ್ಟರ್ ಸೆರೊಟೋನಿನ್ನಿನಲ್ಲೇ ಮುಳುಗಿರುತ್ತಿತ್ತು. ಮೂರನೆಯ ದಿನ ನಾನು ಬಂದು "ಈಗ ಸೆರೊಟೋನಿನ್ ಕೊಡುತ್ತೇನೆ, ಮಾತಾಡು" ಎನ್ನುತ್ತಿದ್ದೆ. ಅಳೆಯುವ ಮೊದಲು ತೊಳೆಯುತ್ತಿದ್ದೆ ನಿಜ, ಆದರೆ ಎರಡು ರಾತ್ರಿಯಲ್ಲಿ ಒಳಗೆ ಎಳೆದುಕೊಂಡು ಹೋದದ್ದು ಹತ್ತು ನಿಮಿಷದಲ್ಲಿ ಮೇಲೆ ಬರುತ್ತದೆಯೇ? ನಾಚಿಕೆಯ ಸಂಗತಿ ಇನ್ನೊಂದಿದೆ. ನಾನು ನೆಚ್ಚಿದ್ದ ಲೇಖನಗಳ ವಿಧಾನ ವಿಭಾಗದಲ್ಲಿ 'ಡಯಾಲೈಸ್ ಮಾಡಿದ ಸೀರಮ್' ಎಂದೇ ಬರೆದಿತ್ತು. ದುಬಾರಿಯ ಷೋಕಿ ಎಂದುಕೊಂಡು ಫ್ರೀಜರಿನಲ್ಲಿ ಇದ್ದ ಮಾಮೂಲಿ ಬಾಟಲಿ ತೆಗೆದವನು ನಾನೇ.

ಬಾಬಾಗೆ ಜ್ವರ ಇಳಿಯಿತು. ಬೆಂಗಳೂರಿನಲ್ಲಿ ನಮ್ಮ ಮೇಡಂಗೆ ಹೇಳಿದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. "ಸೀರಮ್ ಒಂದನ್ನೇ ಬದಲಿಸು. ಜೊತೆಗೆ ಬೇರೇನೂ ಮುಟ್ಟಬೇಡ" ಎಂದರು, ಅಷ್ಟೇ.

ಡಯಾಲಿಸಿಸ್ ಎಂದರೆ ಬಲೆಯ ಕಣ್ಣಿನ ಲೆಕ್ಕವೇ. 10,000 ಡಾಲ್ಟನ್ನಿಗಿಂತ (ಅಣುವಿನ ತೂಕದ ಅಳತೆ) ಚಿಕ್ಕವು ತಪ್ಪಿಸಿಕೊಳ್ಳುವ ಪೊರೆಯ ಚೀಲದಲ್ಲಿ ಸೀರಮ್ ತುಂಬಿ ಉಪ್ಪುನೀರಿನಲ್ಲಿ ಇಟ್ಟು, ನೀರು ಬದಲಿಸುತ್ತ ಇರಬೇಕು. ಸೆರೊಟೋನಿನ್ನಿನ ತೂಕ 176, ಮೀನಿನ ಮರಿಯಂತೆ ನುಸುಳಿ ಹೋಗುತ್ತದೆ. ಕೋಶಕ್ಕೆ ಬೇಕಾದ ದೊಡ್ಡ ಪ್ರೋಟೀನ್‌ಗಳು ಉಳಿಯುತ್ತವೆ. ಕೋಶ ನೆಟ್ಟ ದಿನದಿಂದ ಇದನ್ನೇ ಕೊಟ್ಟೆ, ಅಳೆಯುವ ಹಿಂದಿನ ರಾತ್ರಿ ಸೀರಮ್ಮೇ ಇಲ್ಲದ ಆಹಾರ. ಮೊದಲ ಸಲ ಗೆರೆ ಎದ್ದಿತು. ಸ್ವಲ್ಪವೇ, ಆದರೆ ಪ್ರತಿ ಸಲವೂ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಶುರುವಿನ ಅಂಕಿ ಇಳಿದರೂ ಪೂರ್ತಿ ಇಳಿಯಲಿಲ್ಲ. ಈ ಸಲ ಅದನ್ನು ಗದ್ದಲ ಎನ್ನುವ ಧೈರ್ಯ ಬರಲಿಲ್ಲ. 2ಸಿ ರಿಸೆಪ್ಟರಿಗೆ ಒಂದು ವಿಶೇಷ ಇದೆ: ಅದರ ಆರ್‌ಎನ್‌ಎಯನ್ನು ಕೋಶವೇ ಐದು ಕಡೆ ತಿದ್ದಬಲ್ಲದು, 1997ರಲ್ಲಿ ಕಂಡುಹಿಡಿದದ್ದು. ತಿದ್ದದೆ ಬಿಟ್ಟರೆ 156, 158, 160ನೆಯ ಜಾಗದಲ್ಲಿ ಐಸೊಲ್ಯೂಸಿನ್, ಆಸ್ಪರಜಿನ್, ಐಸೊಲ್ಯೂಸಿನ್. ಪೂರ್ತಿ ತಿದ್ದಿದರೆ ವ್ಯಾಲಿನ್, ಗ್ಲೈಸಿನ್, ವ್ಯಾಲಿನ್. ಮೂರೇ ಅಮೈನೋ ಆಮ್ಲ, ಆದರೆ ಜಿ ಪ್ರೋಟೀನ್ ಹಿಡಿಯುವ ಒಳಗಿನ ಕುಣಿಕೆಯಲ್ಲೇ ಇವೆ. ತಿದ್ದದ ಬಗೆ, ಯಾರೂ ಕರೆಯದಿದ್ದರೂ ತಾನಾಗಿ ಎಚ್ಚರವಿರುವಂಥದ್ದು. ಅರೆಸ್ಟಿನ್ ಅದಕ್ಕೆ ಸದಾ ಅಂಟಿಕೊಂಡು ಒಳಗೆ ಎಳೆಯುತ್ತಿರುತ್ತಾನೆ. ನನ್ನ ಹತ್ತಿರ ಇದ್ದದ್ದು ಅದೇ. ಎಸ್‌ಬಿ-206553 ಎಂಬ ತಣಿಸುವ ಔಷಧ ಹಾಕಿದೆ, ಶುರುವಿನ ಅಂಕಿ ಕೆಳಗಿಳಿಯಿತು. ಪೂರ್ತಿ ತಿದ್ದಿದ ಬಗೆಯನ್ನು ತರಿಸಿ ತಟ್ಟೆಯ ಪಕ್ಕದ ಗುಂಡಿಗಳಲ್ಲಿ ಇಟ್ಟೆ, ಅದು ತಣ್ಣಗೆ ಕೂತಿದ್ದು ಸೆರೊಟೋನಿನ್ ಬಿದ್ದಾಗ ಮಾತ್ರ ಎದ್ದಿತು. ಹಾಗಾದರೆ ನನ್ನ ಹಳೆಯ ಅಂಕಿಯಲ್ಲಿ ಎರಡು ಪಾಲಿತ್ತು. ಒಂದು ನಾನೇ ಸುರಿದದ್ದು, ಇನ್ನೊಂದು ರಿಸೆಪ್ಟರಿನ ಹುಟ್ಟುಗುಣ. ಮೊದಲನೆಯದನ್ನು ತೊಳೆಯದೆ ಎರಡನೆಯದು ಕಾಣುವಂತೆ ಇರಲಿಲ್ಲ.

ಒಂದು ಲೋಪ ಈಗಲೂ ಚುಚ್ಚುತ್ತದೆ. 2ಸಿಯ ಬಾಲದ ತುದಿಯ ಮೂರು ಅಮೈನೋ ಆಮ್ಲಗಳು, ಸೆರಿನ್, ಸೆರಿನ್, ವ್ಯಾಲಿನ್, ಪಿಎಸ್‌ಡಿ-95ರಂಥ ಪ್ರೋಟೀನ್‌ಗಳು ಹಿಡಿಯುವ ಜಾಗ. ಆ ತುದಿ ಬಿಡುವಾಗಿ ಇರಲೇಬೇಕು. ನಾನು ಅಲ್ಲಿಗೇ ರೆನಿಲ್ಲಾ ಕಿಣ್ವ ಹೊಲಿದಿದ್ದೆ. ಅರೆಸ್ಟಿನ್ನನ್ನು ನೋಡಲು ದೀಪ ಕಟ್ಟಿ, ಇನ್ನೊಬ್ಬರು ಹಿಡಿಯುವ ಕೈಯನ್ನೇ ಮುಚ್ಚಿಬಿಟ್ಟೆ. 2002ರಲ್ಲಿ ಫ್ರಾನ್ಸಿನವರು ಈ ಬಾಲದ ತುಂಡನ್ನೇ ಗಾಳದಂತೆ ಬಳಸಿ ಮಿದುಳಿನ ಸಾರದಿಂದ ಹದಿನೈದು ಪ್ರೋಟೀನ್ ಎತ್ತಿದ್ದರು. ನನ್ನ ಕೋಶಗಳಲ್ಲಿ ಅಂಥ ಸಂಗಾತಿಗಳಿಗೆ ಹಿಡಿಯಲು ತುದಿಯೇ ಇರಲಿಲ್ಲ. ಪ್ರಬಂಧದಲ್ಲಿ ಇದನ್ನು ಒಂದು ಇಡೀ ಪುಟದಲ್ಲಿ ಒಪ್ಪಿಕೊಂಡಿದ್ದೇನೆ.

ಗೆರೆ ಎದ್ದ ದಿನ ರಾತ್ರಿ ಮನೆಗೆ ಫೋನ್ ಮಾಡಿದ್ದೆ. ಆಯಿಗೆ ನನ್ನ ಕೆಲಸ ಎಂದರೆ ತಟ್ಟೆಯಲ್ಲಿ ಬೆಳಕು ಬರಿಸುವುದು ಎಂದಷ್ಟೇ ಗೊತ್ತು. "ಬೆಳಕು ಬಂತಾ ಮಗಾ?" ಎಂದಳು. ಬಂತು ಎಂದೆ. "ಇಲ್ಲಿ ಮಧ್ಯಾಹ್ನದಿಂದ ಕರೆಂಟಿಲ್ಲ" ಎಂದಳು, ಹಿಂದೆ ಮಳೆ ಹೊಯ್ಯುವ ಸದ್ದಿಗೆ ಮುಂದಿನ ಮಾತು ಕೇಳಿಸಲಿಲ್ಲ.