ಪಕ್ಕದ್ಮನೆ ಹುಡುಗಿ ಕಾಲೇಜಿಗೆ ಹೋಗ್ಬೇಕಂದ್ರೆ ಮೊದ್ಲು ಒಂದು ಫೈಲ್ ತಗೊಳ್ಳಿ

ಬೆಂಗಳೂರಲ್ಲಿ ನಮ್ಮ ಲಗ್ಗೆರೆ ಕಡೆ ಎಷ್ಟೋ ಮನೇಲಿ ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ, ಅಪ್ಪ ಆಟೋ ಓಡಿಸ್ತಾರೆ ಇಲ್ಲಾಂದ್ರೆ ಪೀಣ್ಯದಲ್ಲಿ ಯಾವ್ದೋ ಫ್ಯಾಕ್ಟರಿ. ಪಿಯುಸಿ ರಿಸಲ್ಟ್ ಬಂದ ವಾರ ಬಾಗ್ಲು ತಟ್ಟಿ "ಅಣ್ಣಾ ಪಾಸಾದೆ, ಮುಂದೆ ಏನ್ಮಾಡ್ಲಿ" ಅಂತಾರೆ. ನಾನೇನು ಮೇಷ್ಟ್ರಲ್ಲ, ಭಾನುವಾರ ಲ್ಯಾಪ್‌ಟಾಪ್ ಇಟ್ಕೊಂಡು ಜೊತೆಗೆ ಕೂರ್ತೀನಿ ಅಷ್ಟೇ. ನಾನು ನೋಡಿದ ಮಟ್ಟಿಗೆ ಈ ಮಕ್ಕಳಿಗೆ ಸೀಟು ತಪ್ಪೋದು ಮಾರ್ಕ್ಸ್ ಇಲ್ದೇ ಅಲ್ಲ, ಪೇಪರ್ ಇಲ್ದೆ, ಇಲ್ಲಾ ಡೇಟ್ ಗೊತ್ತಿಲ್ದೆ. ಓದಿದ ಅಕ್ಕನೋ ಮಾವನೋ ಇರೋ ಮನೇಲಿ ಇದೆಲ್ಲ ತಂತಾನೇ ನಡೆದುಹೋಗತ್ತೆ, ಇಲ್ದಿರೋ ಮನೆಗೆ ಆ ಮಾವ ನೀವಾಗ್ಬೇಕು.

ರಿಸಲ್ಟ್ ಬರೋ ತನಕ ಕಾಯ್ಬೇಡಿ, ಫಸ್ಟ್ ಪಿಯುಸಿಯಲ್ಲೇ ಶುರು ಮಾಡಿ. ಒಂದು ಪ್ಲಾಸ್ಟಿಕ್ ಫೈಲ್ ತಂದು ಮೊದ್ಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ಹೆಸ್ರು ಓದಿ, ಒಂದೊಂದೇ ಅಕ್ಷರ. ಒಬ್ಬಳು ಲಕ್ಷ್ಮಿಗೆ ಮಾರ್ಕ್ಸ್ ಕಾರ್ಡಲ್ಲಿ ಕೆ ಎಸ್ ಎಚ್ ಇತ್ತು, ಆಧಾರಲ್ಲಿ ಬರೀ ಎಕ್ಸ್, ಇನಿಷಿಯಲ್ ಒಂದ್ರಲ್ಲಿ ಹಿಂದೆ ಇನ್ನೊಂದ್ರಲ್ಲಿ ಇಲ್ವೇ ಇಲ್ಲ, ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ನಿಂತ್ಕೊಳ್ತು. ಮಾರ್ಕ್ಸ್ ಕಾರ್ಡ್ ಬದಲಾಯಿಸೋಕೆ ಹೋದ್ರೆ ಚಪ್ಪಲಿ ಸವೆಯತ್ತೆ, ಆಧಾರನ್ನೇ ಅದಕ್ಕೆ ಹೊಂದ್ಸಿ.

ಆಮೇಲೆ ಜಾತಿ-ಆದಾಯ ಪ್ರಮಾಣಪತ್ರ. ನಾಡಕಚೇರಿಯದ್ದು, ಆರ್‌ಡಿ ಅಂತ ಶುರುವಾಗಿ 13 ಅಂಕಿ ಇರೋ ನಂಬರ್ ಇರತ್ತಲ್ಲ ಅದೇ. ಇಂಜಿನಿಯರಿಂಗ್ ಥರದ ಕೋರ್ಸಿಗೆ ಬರೆಯೋ ಪ್ರವೇಶ ಪರೀಕ್ಷೆ ಸಿಇಟಿ, ಅದರ ಅರ್ಜೀಲಿ ಈ ನಂಬರ್ ಹಾಕ್ಬೇಕು. ಎಷ್ಟೋ ಮನೇಲಿ "ಇದೆ ಅಣ್ಣ" ಅಂತ ತಂದು ತೋರಿಸ್ತಾರೆ, ನೋಡಿದ್ರೆ ಅಪ್ಪನ ಹೆಸರಲ್ಲಿ ಇರತ್ತೆ! ಮಗುವಿನ ಹೆಸರಲ್ಲೇ ಬೇಕು. ಎಸ್‌ಸಿ ಎಸ್‌ಟಿಗೆ ಫಾರ್ಮ್ ಡಿ, ಕ್ಯಾಟಗರಿ ಒಂದಕ್ಕೆ ಇ, 2ಎ 2ಬಿ 3ಎ 3ಬಿಗೆ ಎಫ್. ಊರು ಬೇರೆ ಜಿಲ್ಲೆ ಆದ್ರೆ ವಿಚಾರಣೆಗೆ ಅಂತ ಊರಿಗೆ ಓಡಾಡೋದು ಬರ್ಬಹುದು, ಅದಕ್ಕೇ ಹೇಳಿದ್ದು ಬೇಗ ಶುರು ಮಾಡಿ ಅಂತ.

ಇಲ್ಲಿ ಬಹಳ ಜನ ಕೈಬಿಡೋದು ಕನ್ನಡ ಮಾಧ್ಯಮದ ಕೋಟಾ. ಸಿಇಟಿ ಸೀಟಲ್ಲಿ ಗ್ರಾಮೀಣಕ್ಕೆ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಇದೆ. ಬೆಂಗಳೂರಲ್ಲೇ ಓದಿದ ಮಗುವಿಗೆ ಗ್ರಾಮೀಣ ಸಿಗಲ್ಲ ನಿಜ, ಆದ್ರೆ ಒಂದರಿಂದ ಹತ್ತರವರೆಗೂ ಸರ್ಕಾರಿ ಶಾಲೇಲಿ ಕನ್ನಡದಲ್ಲೇ ಓದಿದ್ರೆ ಕನ್ನಡ ಮಾಧ್ಯಮದ್ದು ಸಿಗತ್ತೆ. ಎರಡು ಮೂರು ಶಾಲೆ ಬದಲಾಯಿಸಿದ್ರೆ ಅಷ್ಟೂ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ ಬೇಕು, ಬೇಸಿಗೆ ರಜೇಲಿ ಹೆಡ್‌ಮಾಸ್ಟರ್ ಹುಡುಕೋದು ಅಂದ್ರೆ ಅದೇ ಒಂದು ಪರೀಕ್ಷೆ. ಯಾದಗಿರಿ ರಾಯಚೂರು ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲ್ಸ ಮಾಡೋ ಮನೆಯವರಾದ್ರೆ ಆ ಭಾಗದವರಿಗೆ ಮೀಸಲಾತಿ ಕೊಡೋ 371ಜೆ ಅರ್ಹತಾ ಪತ್ರ ಸಿಗತ್ತಾ ಅಂತ ಊರಿನ ಎಸಿ (ಉಪವಿಭಾಗಾಧಿಕಾರಿ) ಆಫೀಸಲ್ಲಿ ವಿಚಾರ್ಸಿ. ಕಲ್ಯಾಣ ಕರ್ನಾಟಕದವರಿಗೆ ರಾಜ್ಯಮಟ್ಟದ ಸಂಸ್ಥೆಗಳಲ್ಲೂ 8 ಪರ್ಸೆಂಟ್ ಇದೆ.

ಈಗ ಆಪ್ಷನ್ ಎಂಟ್ರಿ, ಅಂದ್ರೆ ಸಿಇಟಿ ಆದ್ಮೇಲೆ ಯಾವ ಕಾಲೇಜು ಯಾವ ಕೋರ್ಸ್ ಬೇಕು ಅಂತ ಆನ್‌ಲೈನಲ್ಲಿ ಸಾಲಾಗಿ ತುಂಬೋದು. ಇದನ್ನ ಮಾತ್ರ ಸೈಬರ್ ಸೆಂಟರ್‌ನವನ ಕೈಗೆ ಕೊಡ್ಬೇಡಿ. ಎಷ್ಟು ಕಾಲೇಜ್ ಬೇಕಾದ್ರೂ ಹಾಕ್ಬಹುದು, ಆರ್ಡರ್ ಮುಖ್ಯ. ಮೇಲಿಂದ ಕೆಳಗೆ ನೋಡ್ಕೊಂಡು ಬರ್ತಾರೆ, ಆಸೆ ಇರೋದನ್ನ ಮೇಲೆ ಹಾಕಿದ್ರೆ ನಷ್ಟ ಇಲ್ಲ, "ನಮಗೆಲ್ಲಿ ಸಿಗತ್ತೆ ಬಿಡಿ ಅಣ್ಣ" ಅಂತ ಬಿಟ್ರೇನೇ ನಷ್ಟ. ಯುವಿಸಿಇ ಅಂಥ ಹೆಸರಾದ ಇಂಜಿನಿಯರಿಂಗ್ ಕಾಲೇಜನ್ನೂ ಮೇಲೆ ಹಾಕಿ, ಪರವಾಗಿಲ್ಲ. ನಿಜವಾದ ಹಂಚಿಕೆಗೆ ಮುಂಚೆ ಅಂದಾಜಿಗೆ ಅಂತ ಅಣಕು ಹಂಚಿಕೆ ಬರತ್ತೆ, ಅದನ್ನ ನೋಡಿ ತಿದ್ದಿ. ಸೀಟು ಬಂದ್ಮೇಲೆ ನಾಲ್ಕು ಚಾಯ್ಸ್: ಒಂದು ಅಂದ್ರೆ ಒಪ್ಕೊಂಡು ಸೇರ್ತೀನಿ, ಎರಡು ಅಂದ್ರೆ ಇದು ಇರ್ಲಿ ಮುಂದಿನ ರೌಂಡೂ ನೋಡ್ತೀನಿ, ಮೂರು ಅಂದ್ರೆ ಇದು ಬೇಡ ಮುಂದಿನ ರೌಂಡಿಗೆ ಕಾಯ್ತೀನಿ, ನಾಲ್ಕು ಅಂದ್ರೆ ಪೂರ್ತಿ ಹೊರಗೆ. ನಮ್ಮ ಬೀದೀಲಿ ಒಬ್ಬ ಹುಡುಗನಿಗೆ ಮನೆ ಹತ್ರಾನೇ ಒಳ್ಳೆ ಸೀಟು ಬಂದಿತ್ತು, ಎರಡು ಒತ್ತೋ ಬದ್ಲು ಯಾರೋ ಮೂರು ಒತ್ಬಿಟ್ರು, ಮುಂದಿನ ರೌಂಡಲ್ಲಿ ಬಂದಿದ್ದು ಊರಾಚೆ, ಎರಡು ಬಸ್ ಬದ್ಲಾಯಿಸ್ಬೇಕು. ಅವನಮ್ಮ ಬಂದು ಏನೂ ಬೈಲಿಲ್ಲ, ಅದೇ ಕಷ್ಟ ಆಗಿದ್ದು.

ಒಟಿಪಿ ವಿಷಯ ಮರೀಬೇಡಿ. ನಂಬರ್ ಅಪ್ಪಂದು, ಅಪ್ಪ ಡ್ಯೂಟೀಲಿ, ಕರೆನ್ಸಿ ಖಾಲಿ! ಅರ್ಜಿ ಹಾಕೋ ಮುಂಚೆ ರೀಚಾರ್ಜ್ ಮಾಡ್ಸಿ, ಪೂರ್ತಿ ಪ್ರಕ್ರಿಯೆ ಮುಗಿಯೋವರೆಗೂ ಅದೇ ನಂಬರ್ ಇರ್ಲಿ. ಏನಾದ್ರೂ ಸಿಕ್ಕಾಕ್ಕೊಂಡ್ರೆ ಮಲ್ಲೇಶ್ವರಂ 18ನೇ ಕ್ರಾಸಲ್ಲಿ ಸಿಇಟಿ ನಡೆಸೋ ಕೆಇಎ ಆಫೀಸ್ ಇದೆ, ಬೆಂಗಳೂರಲ್ಲಿರೋರಿಗೆ ಅದೊಂದು ಅನುಕೂಲ.

ದುಡ್ಡಿನ ಮಾತು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿ ಪೋರ್ಟಲಲ್ಲಿ ಪೋಸ್ಟ್ ಮೆಟ್ರಿಕ್ (ಎಸ್ಸೆಸ್ಸೆಲ್ಸಿ ನಂತರದ ಓದಿನ) ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿ, ಎಸ್‌ಸಿ ಮಕ್ಕಳಿಗೆ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಹಿಂದುಳಿದ ವರ್ಗದ ಮಗುವಿಗೆ ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಊಟ-ವಸತಿಗೆ ದುಡ್ಡು ಕೊಡೋ ವಿದ್ಯಾಸಿರಿ ನೋಡಿ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಇಂಜಿನಿಯರಿಂಗ್ ಆದ್ರೆ ಎಸ್‌ಎನ್‌ಕ್ಯೂ ಅಂತ ಬೋಧನಾ ಶುಲ್ಕ ಮಾಫಿ ಇರೋ 5 ಪರ್ಸೆಂಟ್ ಸೀಟಿದೆ, ಅದನ್ನೂ ಆಪ್ಷನ್‌ನಲ್ಲಿ ಸೇರ್ಸಿ. ಬ್ಯಾಂಕ್ ಅಕೌಂಟ್ ಮಗುವಿನ ಹೆಸರಲ್ಲಿರ್ಲಿ, ಆಧಾರ್ ಸೀಡಿಂಗ್, ಅಂದ್ರೆ ಸರ್ಕಾರದ ದುಡ್ಡು ಆಧಾರ್ ಮೂಲಕ ಇದೇ ಅಕೌಂಟಿಗೆ ಬೀಳೋ ಜೋಡಣೆ, ಆಗಿದೆಯಾ ಬ್ಯಾಂಕಲ್ಲೇ ಕೇಳಿ, ಬರೀ ಲಿಂಕ್ ಆಗಿದ್ರೆ ಸಾಲ್ದು. ಹುಡುಗೀರಿಗೆ ಶಕ್ತಿ ಯೋಜನೇಲಿ ಬಿಎಂಟಿಸಿ ಸಾಮಾನ್ಯ ಬಸ್ ಫ್ರೀ, ಹುಡುಗ್ರಿಗೆ ಸ್ಟೂಡೆಂಟ್ ಪಾಸ್ ಮಾಡ್ಸಿ.

ಎಲ್ರೂ ಇಂಜಿನಿಯರ್ ಆಗ್ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಕಾಂ ಮಾಡಿ ಚೆನ್ನಾಗಿರೋರು ಬೇಕಾದಷ್ಟಿದಾರೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರೋ ದಾರಿಯೂ ಇದೆ. ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಹೋಯ್ತು ಅಂತ ಗಾರ್ಮೆಂಟ್ಸಿಗೆ ಕಳಿಸೋ ಮುಂಚೆ ಅದೇ ವರ್ಷ ಮತ್ತೆ ಬರೆಯೋಕೆ ಪರೀಕ್ಷೆ 2 ಇದೆ ಅಂತ ಮನೆಯವರಿಗೆ ಕೂರ್ಸಿ ಹೇಳಿ.

ಸೇರೋ ದಿನ ಜೊತೆಗೆ ಹೋಗಿ. ಕೌಂಟರಲ್ಲಿ, ಸೀಟು ಕೊಟ್ಟ ಅಡ್ಮಿಷನ್ ಆರ್ಡರಲ್ಲಿ ಇಲ್ದಿರೋ ಫೀಸ್ ಕೇಳಿದ್ರೆ ಮಗು ತಲೆ ಬಗ್ಗಿಸ್ಕೊಂಡು ವಾಪಸ್ ಬಂದ್ಬಿಡತ್ತೆ, ನೀವು "ಇದನ್ನ ಬರೆದು ಕೊಡಿ ಸಾರ್" ಅಂತ ಮರ್ಯಾದೆಯಾಗಿ ಕೇಳಿ, ಎಷ್ಟೋ ಸಲ ಅಲ್ಲೇ ಮೊತ್ತ ಇಳಿಯತ್ತೆ. ಒರಿಜಿನಲ್ಸ್ ಕೊಡೋ ಮುಂಚೆ ಐದು ಸೆಟ್ ಜೆರಾಕ್ಸ್, ಫೋನಲ್ಲಿ ಸ್ಕ್ಯಾನ್. ಫೀಸ್ ರಸೀದಿನೂ ಅದೇ ಫೈಲಿಗೆ ಹಾಕಿ, ಮುಂದಿನ ವರ್ಷ ಸ್ಕಾಲರ್‌ಶಿಪ್ ರಿನ್ಯೂವಲ್‌ಗೆ ಕೇಳ್ತಾರೆ.